ಮಗಳಿಗೊಂದು ಪತ್ರ: ಇಶ್ಯೂಅರ್ ಒಂದು ಗೊತ್ತಿದ್ದರೆ ಸಾಕು

ಪುಟ್ಟೀ,

ನಿನ್ನ ಆ್ಯಪ್ ಬೇರೆಯವರ ಸರ್ವರ್ ಮೂಲಕ ಲಾಗಿನ್ ಮಾಡಿಸುತ್ತದೆ (ಓಆತ್, ಓಪನ್‌ಐಡಿ ಕನೆಕ್ಟ್). ಪ್ರವೇಶದ ಟೋಕನ್ ಕೊಡುವ ಟೋಕನ್ ಎಂಡ್‌ಪಾಯಿಂಟ್, ಬಳಕೆದಾರರ ಒಪ್ಪಿಗೆ ಕೇಳುವ ಆಥರೈಸೇಶನ್ ಎಂಡ್‌ಪಾಯಿಂಟ್, ಟೋಕನಿನ ಸಹಿ ಪರೀಕ್ಷಿಸುವ ಕೀಗಳ ವಿಳಾಸ ಮೂರನ್ನೂ ಕೋಡಿನಲ್ಲೇ ಬರೆದಿಟ್ಟಿದ್ದೀಯ. ಸರ್ವರಿನವರು ಒಂದು ಪಾತ್ ಬದಲಿಸಿದರೂ ಲಾಗಿನ್ ನಿಲ್ಲುತ್ತದೆ, ನೀನು ಹೊಸ ಆವೃತ್ತಿ ಬಿಡುವ ತನಕ ಯಾರೂ ಒಳಗೆ ಬರುವಂತಿಲ್ಲ. ಇಟ್ಟುಕೊಳ್ಳಬೇಕಾದದ್ದು ಇಶ್ಯೂಅರ್, ಅಂದರೆ ಟೋಕನ್ ಕೊಡುವ ಸರ್ವರಿನ ಗುರುತು, ಒಂದೇ. ಅದು ಎಚ್‌ಟಿಟಿಪಿಎಸ್ ಯುಆರ್‌ಎಲ್. ಅದರಲ್ಲಿ ಕ್ವೆರಿಯಾಗಲಿ ('?' ನಂತರದ ಭಾಗ) ಫ್ರಾಗ್ಮೆಂಟ್ ಆಗಲಿ ('#' ನಂತರದ ಭಾಗ) ಇರಬಾರದು. ಮಿಕ್ಕಿದ್ದನ್ನು ಸರ್ವರನ್ನೇ ಕೇಳು; ತನ್ನ ವಿಳಾಸಗಳನ್ನೆಲ್ಲ ಬರೆದಿಟ್ಟ ಜೇಸನ್ ದಾಖಲೆಯೊಂದನ್ನು ಅದು ಕೊಡುತ್ತದೆ.

ಕೇಳುವ ಜಾಗ ಎರಡಿವೆ, ಹೆಚ್ಚಿನವರು ಎಡವುವುದೂ ಇಲ್ಲೇ. ಇಶ್ಯೂಅರ್ 'ಲಾಗಿನ್.ಉದಾಹರಣೆ/ಶಾಖೆ1' ಎಂದಿಟ್ಟುಕೋ. 2014ರ ಓಪನ್‌ಐಡಿ ಕನೆಕ್ಟ್ ಡಿಸ್ಕವರಿ ಎಂಬ ಮಾನದಂಡ '.ವೆಲ್-ನೋನ್' ಎಂದು ಶುರುವಾಗುವ ಬಾಲವನ್ನು ಕೊನೆಗೆ ಅಂಟಿಸುತ್ತದೆ: 'ಲಾಗಿನ್.ಉದಾಹರಣೆ/ಶಾಖೆ1/.ವೆಲ್-ನೋನ್/ಓಪನ್‌ಐಡಿ-ಕಾನ್ಫಿಗರೇಶನ್'. 2018ರ ಆರ್‌ಎಫ್‌ಸಿ 8414 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ಪ್ರಕಟಣೆ) ತನ್ನ ಬಾಲವನ್ನು ಹೋಸ್ಟ್‌ಗೂ ಪಾತ್‌ಗೂ ನಡುವೆ ತೂರಿಸುತ್ತದೆ: 'ಲಾಗಿನ್.ಉದಾಹರಣೆ/.ವೆಲ್-ನೋನ್/ಓಆತ್-ಆಥರೈಸೇಶನ್-ಸರ್ವರ್/ಶಾಖೆ1'. '.ವೆಲ್-ನೋನ್' ಹೋಸ್ಟಿನ ಬುಡದಲ್ಲೇ ಇರಬೇಕೆಂಬುದು ವೆಬ್‌ನ ಸಾಮಾನ್ಯ ನಿಯಮ. ಹಾಗಾಗಿ ಎರಡನೆಯದೇ ಸರಿಯಾದ ಕ್ರಮ, ಮೊದಲನೆಯದು ರೂಢಿಯಾಗಿ ಉಳಿದಿದೆ. ಪಾತ್ ಇಲ್ಲದ ಇಶ್ಯೂಅರ್‌ನಲ್ಲಿ ಬಾಲದ ಜಾಗದ ಈ ವ್ಯತ್ಯಾಸ ಕಾಣುವುದೇ ಇಲ್ಲ. ಟೆಸ್ಟೆಲ್ಲ ಪಾಸಾಗಿ, ಪಾತ್ ಇರುವ ಮೊದಲ ಗ್ರಾಹಕ ಬಂದಾಗ 404 ಬೀಳುತ್ತದೆ. ಒಂದು ಸಿಗದಿದ್ದರೆ ಇನ್ನೊಂದನ್ನು ನೋಡು.

ಬಂದ ಉತ್ತರ 200 (ಯಶಸ್ಸಿನ ಸಂಕೇತ) ಆಗಿದ್ದರೆ ಸಾಲದು, ಅಪ್ಲಿಕೇಶನ್/ಜೇಸನ್ ಕೂಡ ಆಗಿರಬೇಕು. ಯಾವ ಪಾತ್ ಕೇಳಿದರೂ ತಮ್ಮ ಮುಖಪುಟವನ್ನೇ 200 ಎಂದು ಕಳಿಸುವ ಸರ್ವರ್‌ಗಳಿವೆ. ಆಗ ಪಾರ್ಸರ್ ಕೊಡುವ ಎರರ್ ನೋಡಿದರೆ ತಲೆಬುಡ ತಿಳಿಯುವುದಿಲ್ಲ.

ಆಮೇಲೆ, ಜೇಸನ್ ಒಳಗಿನ 'ಇಶ್ಯೂಅರ್' ನೀನು ಕೇಳಿದ ಇಶ್ಯೂಅರ್‌ಗೆ ಅಕ್ಷರಕ್ಕಕ್ಷರ ಹೊಂದಬೇಕು. ಕೊನೆಯ ಸ್ಲ್ಯಾಶ್ ಕಿತ್ತು ಹೋಲಿಸುವ ಬುದ್ಧಿವಂತಿಕೆ ಬೇಡ. ಹೊಂದದಿದ್ದರೆ ಆ ದಾಖಲೆಯನ್ನು ಬಳಸಲೇಬಾರದು. ಯಾಕೆಂದರೆ ಕಳ್ಳನೊಬ್ಬ ತನ್ನ ಹೋಸ್ಟಿನಲ್ಲಿ ದಾಖಲೆಯಿಟ್ಟು, ಇಶ್ಯೂಅರ್ ಜಾಗದಲ್ಲಿ ದೊಡ್ಡವರ ಹೆಸರು ಬರೆದು, ಎಂಡ್‌ಪಾಯಿಂಟೂ ಕೀಗಳೂ ತನ್ನವೇ ಕೊಡಬಹುದು. ಹಾಗೆಂದು ಎಂಡ್‌ಪಾಯಿಂಟ್‌ಗಳ ಹೋಸ್ಟ್ ಬೇರೆಯಿದ್ದರೆ ಗಾಬರಿಯಾಗಬೇಡ: ಗೂಗಲ್‌ನ ಇಶ್ಯೂಅರ್ 'ಅಕೌಂಟ್ಸ್.ಗೂಗಲ್.ಕಾಮ್', ಟೋಕನ್ ಕೊಡುವುದು 'ಓಆತ್2.ಗೂಗಲ್‌ಎಪಿಐಸ್.ಕಾಮ್'. ಮೈಕ್ರೋಸಾಫ್ಟ್‌ನಲ್ಲಿ ಎಲ್ಲ ಸಂಸ್ಥೆಗಳಿಗೂ (ಅವರ ಭಾಷೆಯಲ್ಲಿ ಟೆನೆಂಟ್) ಒಂದೇ ಆದ 'ಕಾಮನ್' ವಿಳಾಸದಲ್ಲಿ ಮಾತ್ರ ಇಶ್ಯೂಅರ್ ಒಳಗೆ 'ಟೆನೆಂಟ್‌ಐಡಿ' ಎಂಬ ಖಾಲಿ ಜಾಗವೇ ಇರುತ್ತದೆ, ಹೋಲಿಕೆ ಸೋಲುತ್ತದೆ. ಅದಕ್ಕಾಗಿ ಪರೀಕ್ಷೆಯನ್ನೇ ತೆಗೆದುಹಾಕಬೇಡ ಕಣೇ; ಒಂದೇ ಸಂಸ್ಥೆಯ ಲಾಗಿನ್ ಆದರೆ ಆ ಟೆನೆಂಟಿನ ನಿರ್ದಿಷ್ಟ ವಿಳಾಸ ಬಳಸು.

ಹಲವು ಸರ್ವರ್‌ಗಳ ಜೊತೆ ಮಾತಾಡುವ ಕ್ಲೈಂಟ್‌ಗೆ (ನಿನ್ನದರಂಥ ಆ್ಯಪ್‌ಗೆ) ಇಷ್ಟೂ ಸಾಲದು. ಒಬ್ಬರು ಕೊಟ್ಟ ಆಥರೈಸೇಶನ್ ಕೋಡ್ (ಟೋಕನ್ ಪಡೆಯಲು ಕೊಡುವ ತಾತ್ಕಾಲಿಕ ಸಂಕೇತ) ಇನ್ನೊಬ್ಬರ ಟೋಕನ್ ಎಂಡ್‌ಪಾಯಿಂಟ್‌ಗೆ ಹೋಗದಂತೆ, ವಾಪಸು ಬರುವ ಉತ್ತರದಲ್ಲಿ ಇಶ್ಯೂಅರ್ ಯಾರೆಂದು ಹೇಳುವ 'ಐಎಸ್‌ಎಸ್' ಪ್ಯಾರಾಮೀಟರ್ ನೋಡು (ಆರ್‌ಎಫ್‌ಸಿ 9207).

ದಾಖಲೆಯಲ್ಲಿ ಇಲ್ಲದ್ದಕ್ಕೂ ಅರ್ಥವಿದೆ. 'ಟೋಕನ್_ಎಂಡ್‌ಪಾಯಿಂಟ್_ಆತ್_ಮೆಥಡ್ಸ್_ಸಪೋರ್ಟೆಡ್' ಇಲ್ಲದಿದ್ದರೆ 'ಕ್ಲೈಂಟ್_ಸೀಕ್ರೆಟ್_ಬೇಸಿಕ್' (ಕ್ಲೈಂಟಿನ ಐಡಿ, ಗುಟ್ಟುಪದಗಳನ್ನು ಹೆಡರಿನಲ್ಲಿ ಕಳಿಸುವ ವಿಧಾನ) ಎಂದೇ ಲೆಕ್ಕ. 'ಕೋಡ್_ಚಾಲೆಂಜ್_ಮೆಥಡ್ಸ್_ಸಪೋರ್ಟೆಡ್' ಇಲ್ಲದಿದ್ದರೆ, 8414ರ ಪ್ರಕಾರ, ಪಿಕೆಸಿಇ (ಕದ್ದ ಆಥರೈಸೇಶನ್ ಕೋಡ್ ಕಳ್ಳನಿಗೆ ಉಪಯೋಗಕ್ಕೆ ಬಾರದಂತೆ ಮಾಡುವ ರಕ್ಷಣೆ) ಇಲ್ಲ.

ದಾಖಲೆಯನ್ನು ಪ್ರತಿ ಲಾಗಿನ್‌ಗೂ ತರಿಸಬೇಡ. ಉತ್ತರದ ಜೊತೆ ಬರುವ ಕ್ಯಾಶ್-ಕಂಟ್ರೋಲ್ ಹೆಡರ್ ಹೇಳಿದಷ್ಟು ಹೊತ್ತು ಇಟ್ಟುಕೋ. ಟೋಕನಿನಲ್ಲಿ ಗುರುತಿಲ್ಲದ ಕೀ ಐಡಿ ಬಂದರೆ ಕೀಗಳನ್ನು ಒಮ್ಮೆ ಮತ್ತೆ ತರಿಸು, ಆದರೆ ಅದಕ್ಕೊಂದು ಮಿತಿಯಿರಲಿ. ಇಲ್ಲದಿದ್ದರೆ ಸುಳ್ಳು ಐಡಿಗಳನ್ನು ಕಳಿಸುತ್ತಾ ಯಾರು ಬೇಕಾದರೂ ನಿನ್ನ ಕೈಯಿಂದಲೇ ಆ ಸರ್ವರಿನ ಮೇಲೆ ಕೋರಿಕೆಗಳ ಸುರಿಮಳೆ ಮಾಡಿಸಬಹುದು.

ಇಶ್ಯೂಅರೇ ಗೊತ್ತಿಲ್ಲದಿದ್ದರೆ? 2025ರ ಆರ್‌ಎಫ್‌ಸಿ 9728 ಇರುವುದು ಅದಕ್ಕೇ. ನೀನು ಬಳಸಬೇಕಾದ ಎಪಿಐ 401 (ಮೊದಲು ಲಾಗಿನ್ ಆಗು ಎಂಬ ಉತ್ತರ) ಕೊಡುವಾಗ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಆಥೆಂಟಿಕೇಟ್' ಹೆಡರಿನಲ್ಲಿ 'ರಿಸೋರ್ಸ್_ಮೆಟಾಡೇಟಾ' ವಿಳಾಸ ಕೊಡುತ್ತದೆ. ಆ ದಾಖಲೆಯ 'ಆಥರೈಸೇಶನ್_ಸರ್ವರ್ಸ್' ಪಟ್ಟಿಯಲ್ಲಿ ಇಶ್ಯೂಅರ್‌ಗಳಿರುತ್ತವೆ. ಅಲ್ಲಿಂದ ಮುಂದೆ ಮೇಲಿನ ದಾರಿಯೇ. ಆದರೆ ಈಗ ವಿಳಾಸ ಕೊಡುತ್ತಿರುವವರು ಪರರು. ನಿನ್ನ ಕ್ಲೈಂಟ್ ಕ್ಲೌಡಿನಲ್ಲಿ ಓಡುತ್ತಿದ್ದರೆ 169.254.169.254ರಂಥ (ಕ್ಲೌಡ್ ಯಂತ್ರ ತನ್ನ ಗುಟ್ಟಿನ ಮಾಹಿತಿ ಪಡೆಯುವ ವಿಳಾಸ) ಒಳಗಿನ ವಿಳಾಸಗಳಿಗೆ ಹೋಗದಂತೆ ತಡೆ, ರೀಡೈರೆಕ್ಟ್ ಆದಾಗಲೂ ಅದೇ ತಪಾಸಣೆ ಮತ್ತೆ ನಡೆಯಲಿ.

ಪಾತ್ ಇರುವ ಇಶ್ಯೂಅರ್ ಒಂದನ್ನು ಟೆಸ್ಟ್‌ಗೆ ಮೊದಲು ಸೇರಿಸು. ಮಿಕ್ಕಿದ್ದು ಆಮೇಲೆ ಮಾಡಿದರಾಯಿತು.

ನಿನ್ನ
ಅಮ್ಮ