ಒರೆಸುವ ಮುಂಚೆ ಒಣಗಲು ಬಿಡು

ಬಸವನಗುಡಿ, ಬೆಂಗಳೂರು

ಚಿ. ಮಾನಸಳಿಗೆ ಸೋದರತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಚಿತ್ರದ ಫೋಟೊ ನೋಡಿದೆ. ಆಕಾಶದಲ್ಲಿ ಬಣ್ಣ ಹರಡಿ ಅಂಚು ಕಟ್ಟಿತೆಂದು ಹಾಳೆಯನ್ನೇ ಹರಿಯಲು ಹೊರಟಿದ್ದೀಯಂತೆ. ಹರಿಯಬೇಡ. ಜಲವರ್ಣದಲ್ಲಿ ಅರ್ಧ ಕೆಲಸ ನೀರೇ ಮಾಡುತ್ತದೆ. ಅದು ಏನು ಮಾಡಿತು, ಯಾಕೆ ಮಾಡಿತು ಎಂದು ತಿಳಿಯಬೇಕು.

ಆ ಹೂಕೋಸಿನಂಥ ಅಂಚು ಬಂದದ್ದು ಹೀಗೆ: ಬಣ್ಣ ಅರೆಬರೆ ಆರಿದ್ದಾಗ ನೀರು ಹೆಚ್ಚಿದ್ದ ಕುಂಚ ತಾಗಿಸಿದ್ದೀಯ. ಹೊಸ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ, ತಾನು ನಿಂತಲ್ಲಿ ಗುಡ್ಡೆ ಹಾಕಿತು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಮೇಲ್ಮೈ ಫಳಫಳ ಹೊಳೆಯುತ್ತಿದ್ದರೆ ಹನಿ ಮೆತ್ತಗೆ ಬೆರೆಯುತ್ತದೆ. ಹೊಳಪು ಹೋಗಿ ತೇವ ಮಾತ್ರ ಉಳಿದಿದ್ದರೆ ಈ ಅಂಚು. ಪೂರ್ತಿ ಒಣಗಿದ್ದರೆ ಗಡುಸು ಗೆರೆ. ಜುಲೈ ಮೋಡದಲ್ಲಿ ಆ ನಡುವಿನ ಹದ ಬಹಳ ಹೊತ್ತು ಇರುತ್ತದೆ, ಮಾರ್ಚ್ ಬಿಸಿಲಿಗೆ ನೋಡನೋಡುತ್ತಲೇ ಕಳೆಯುತ್ತದೆ. ಗಡಿಯಾರ ನಂಬಬೇಡ, ಹೊಳಪು ನೋಡು.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪನೆಯ) ಹತ್ತಿ ಕಾಗದವನ್ನು ಸಣ್ಣ ತುಂಡು ಮಾಡಿ ಅಭ್ಯಾಸ ಮಾಡು. ತೆಳು ಡ್ರಾಯಿಂಗ್ ಶೀಟ್ ಉಬ್ಬಿ, ತಗ್ಗಿನಲ್ಲಿ ನೀರು ನಿಂತು, ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ. ಮೂರು ಚೌಕಕ್ಕೆ ಒಂದೇ ಬಣ್ಣ ಬಳಿದು, ಮೂರು ಹದದಲ್ಲಿ ಒಂದೊಂದು ಹನಿ ಬಿಡು. ನಾಲ್ಕನೆಯದಕ್ಕೆ, ಹೊಳಪು ಇನ್ನೇನು ಆರಬೇಕು ಎನ್ನುವಾಗ, ಏಳೆಂಟು ಹರಳು ಕಲ್ಲುಪ್ಪು ಹಾಕು. ಉಪ್ಪು ನೀರೆಳೆದು ಸುತ್ತ ತಿಳಿ ಚುಕ್ಕಿಗಳು ಮೂಡುತ್ತವೆ. ಒಣಗುವವರೆಗೆ ಮುಟ್ಟಬೇಡ, ಹೇರ್ ಡ್ರೈಯರ್ ಹಿಡಿಯಬೇಡ. ಆಮೇಲೆ ಹರಳನ್ನೆಲ್ಲ ಉದುರಿಸು, ಉಳಿದರೆ ಮಳೆಗಾಲದಲ್ಲಿ ಪಸೆ ಹಿಡಿಯುತ್ತದೆ.

ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರ ಗುರು ಅವನೀಂದ್ರನಾಥ ಟ್ಯಾಗೋರರು ಬಣ್ಣ ಹಾಕಿದ ಚಿತ್ರವನ್ನೇ ನೀರಿನಲ್ಲಿ ಅದ್ದುತ್ತಿದ್ದರು. ಕಾಗದ ಹಿಡಿದುಕೊಂಡಷ್ಟು ಉಳಿಯಿತು, ಮಿಕ್ಕದ್ದು ಹೋಯಿತು. ಉಳಿದದ್ದರ ಮೇಲೆ ಮುಂದಿನ ಪದರ. ಅಷ್ಟು ಧೈರ್ಯ ಬಣ್ಣದ ಗುಣ ಬಲ್ಲವರಿಗೆ ಬರುತ್ತದೆ. ಅಲ್ಟ್ರಾಮರೀನ್ ಎಂಬ ನೀಲಿ ಬಣ್ಣ ಕಾಗದದ ತರಿಯಲ್ಲಿ ಕಣಕಣವಾಗಿ ಕೂರುತ್ತದೆ, ಒದ್ದೆ ಮಾಡಿ ಅರ್ಧ ನಿಮಿಷ ಬಿಟ್ಟು ಟಿಶ್ಯೂ ಒತ್ತಿದರೆ ಬಹುಪಾಲು ಎದ್ದು ಬರುತ್ತದೆ. ಥಾಲೋ ಬ್ಲೂ ನಾರಿಗೇ ಹತ್ತಿಕೊಳ್ಳುತ್ತದೆ, ಉಜ್ಜಿದರೆ ಕಾಗದ ಜುಂಗೇಳುವುದಷ್ಟೇ ಲಾಭ.

ಇನ್ನು ನಿನ್ನ ಚಿತ್ರ. ರಾತ್ರಿ ಪೂರ್ತಿ ಒಣಗಲಿ. ಬೆಳಿಗ್ಗೆ ತಲೆಕೆಳಗಾಗಿ ಇಟ್ಟು ಆರಡಿ ದೂರದಿಂದ ನೋಡು. ಆ ಅಂಚು ಬಲಗಡೆಯ ಮರಕ್ಕೆ ತೀರ ಹತ್ತಿರವಿದೆ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಬೆರೆಸಿದ ಗಾಢ ಬೂದು ಬಣ್ಣವನ್ನು ಅದರ ಹೊರಗಡೆ ಬಳಿದರೆ, ಒಳಗಿನ ತಿಳಿಭಾಗವೇ ಮರದ ನೆತ್ತಿಯಾಗುತ್ತದೆ. ಚೆನ್ನಾಗಿ ಕಂಡಿತೆಂದು ಅಂಥವೇ ಇನ್ನೂ ನಾಲ್ಕು ಬೇಕೆಂದು ಹನಿಸಬೇಡ, ಅದು ಬರೀ ಅಲಂಕಾರವಾಗುತ್ತದೆ. ಭಾನುವಾರ ಬರುವಾಗ ಅಭ್ಯಾಸದ ಚೌಕಗಳನ್ನೂ ತಾ, ಒಂದೊಂದರ ಹಿಂದೆಯೂ ಹದ ಬರೆದಿರಲಿ.

ಇತಿ,
ನಿನ್ನ ಸೋದರತ್ತೆ