ಮೊಣಕೈ ಹಿಂದೆ ಬೆರಳಿಟ್ಟು ನೋಡು

ಚಿ. ಅನಿತಾಳಿಗೆ ಸೋದರಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಮೊನ್ನೆ ನಿಮ್ಮಮ್ಮ ಫೋನು ಮಾಡಿದ್ದಳು. ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕತ್ತಿನಿಂದ ಕೈಗಿಳಿಯುವ ನರಗಳ ಹೆಣಿಗೆ, ತಲೆಗೆ ಹತ್ತುತ್ತಿಲ್ಲ, ಅನಾಟಮಿಯಲ್ಲಿ (ದೇಹರಚನೆಯ ಪಾಠದಲ್ಲಿ) ಫೇಲಾಗುತ್ತೇನೆ ಅಂತ ಅಳುತ್ತಿದ್ದೆಯಂತೆ. ನಾನು ಡಾಕ್ಟರಲ್ಲ. ಆದರೆ ಕುಷ್ಠರೋಗದ ಕೆಲಸದಲ್ಲಿ 30 ವರ್ಷ ಸೈಕಲ್ ತುಳಿದು, ಊರೂರು ಸುತ್ತಿ ಜನರ ನರ ಮುಟ್ಟಿ ನೋಡಿದವನು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಮೊದಲು ‘ನರ’ ಅನ್ನುವ ಮಾತನ್ನೇ ಸೋಸಿಕೋ. ನಮ್ಮ ಜನಕ್ಕೆ ಎಲ್ಲವೂ ನರವೇ. ಗ್ಲೂಕೋಸ್ ಏರಿಸುವಾಗ “ನರ ಸಿಗ್ತಿಲ್ಲ” ಅಂದರೆ ಅದು ರಕ್ತನಾಳ. ಮೀನಖಂಡ ಸೆಟೆದುಕೊಂಡು “ನರ ಎಳೀತು” ಅಂದರೆ ಅದು ಸ್ನಾಯು. ನಿನ್ನ ಪಾಠದ ನರ ಬಿಳಿ ಹುರಿಯಂಥದ್ದು, ಅದರೊಳಗೆ ಹೋಗಿಬರುವುದು ಸುದ್ದಿ.

ಮಿದುಳು, ಬೆನ್ನುಹುರಿ ಬಿಟ್ಟು ಹೊರಗಿರುವ ನರವೆಲ್ಲ ಪೆರಿಫೆರಲ್, ಅಂದರೆ ಹೊರವಲಯದ ಲೆಕ್ಕ. ಮಿದುಳಿನವು 12 ಜೊತೆ, ಬೆನ್ನುಹುರಿಯವು 31. ಕತ್ತಿನಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕದಲ್ಲಿ 5, ಬಾಲದ ಮೂಳೆಯ ಹತ್ತಿರ 1. ಕತ್ತಿನ ಮೂಳೆ ಏಳೇ ಇರುವಾಗ ನರ ಹೇಗೆ ಎಂಟು ಅಂತ ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ಕೇಳಿಯಾರು. ಮೊದಲನೆಯದು ಮೊದಲ ಮೂಳೆಯ ಮೇಲಿನಿಂದಲೇ ಹೊರಡುತ್ತದೆ, ಎಂಟನೆಯದು ಏಳನೆಯ ಮೂಳೆಯ ಕೆಳಗಿನಿಂದ.

ಬೆನ್ನುಹುರಿಯ ಒಂದೊಂದು ನರಕ್ಕೂ ಎರಡು ಬೇರು. ಹಿಂದಿನದು ಮುಟ್ಟಿದ್ದು, ಸುಟ್ಟಿದ್ದು, ಚುಚ್ಚಿದ್ದನ್ನು ಒಳಕ್ಕೆ ತರುತ್ತದೆ, ಮುಂದಿನದು ಸ್ನಾಯುವಿಗೆ ಅಪ್ಪಣೆ ಒಯ್ಯುತ್ತದೆ. ಎರಡೂ ಕೂಡಿ ಒಂದೇ ಹುರಿಯಾಗುವುದರಿಂದ ಹೊರಗೆ ಒಂದು ಕಡೆ ಪೆಟ್ಟಾದರೆ ಸ್ಪರ್ಶವೂ ಹೋಗುತ್ತದೆ, ಕಸುವೂ ಹೋಗುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಕಲಿಯಲಿಲ್ಲ.

ಬಳ್ಳಾರಿ ಕಡೆ ಒಂದು ಹಳ್ಳಿ. ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಮಾತಾಡುತ್ತಲೇ ಹಂಚಿನ ಮೇಲಿನ ರೊಟ್ಟಿಯನ್ನು ಕೈಯಲ್ಲೇ ತಿರುವಿದಳು. ಎಲ್ಲರೂ ತಿರುವುತ್ತಾರೆ, ತಟ್ಟನೆ ಕೈ ಎಳೆದುಕೊಳ್ಳುತ್ತಾರೆ. ಇವಳ ಕಿರುಬೆರಳು ಹಂಚಿಗೆ ತಾಗಿಕೊಂಡೇ ಇತ್ತು. ಕೈ ತಿರುಗಿಸಿ ನೋಡಿದೆ, ಹಳೆಯ ಬೊಬ್ಬೆಯ ಕಲೆ, ಪಕ್ಕದಲ್ಲಿ ಹೊಸದು. ಕಣ್ಣು ಮುಚ್ಚಿಸಿ ಉಂಗುರ ಬೆರಳಿಗೆ ಪೆನ್ನಿನ ತುದಿ ಮುಟ್ಟಿಸಿದರೆ ಕಿರುಬೆರಳಿನ ಮಗ್ಗುಲಲ್ಲಿ ಗೊತ್ತಾಗಲಿಲ್ಲ, ನಡುಬೆರಳಿನ ಮಗ್ಗುಲಲ್ಲಿ ಗೊತ್ತಾಯಿತು. ಒಂದೇ ಬೆರಳಿನ ಮೇಲೆ ಎರಡು ನರಗಳ ಸರಹದ್ದು, ಕಿರುಬೆರಳ ಕಡೆ ಅಲ್ನಾರ್, ನಡುಬೆರಳ ಕಡೆ ಮೀಡಿಯನ್! ಬೆರಳ ಸಂದಿಯಲ್ಲಿ ಪೋಸ್ಟ್‌ಕಾರ್ಡು ಗಟ್ಟಿಯಾಗಿ ಹಿಡಿ ಅಂದೆ, ಎಳೆದರೆ ಸರಕ್ಕನೆ ಬಂತು. ಮೊಣಕೈ ಹಿಂದೆ ಅಲ್ನಾರ್ ನರ ಹಗ್ಗದಂತೆ ದಪ್ಪಗಾಗಿತ್ತು. ಕುಷ್ಠದ ರೋಗಾಣುವಿಗೆ ತಂಪು ಜಾಗ ಬೇಕು, ಅದಕ್ಕೇ ಚರ್ಮಕ್ಕೆ ಹತ್ತಿರವಿರುವ ನರಗಳನ್ನು ಹಿಡಿಯುತ್ತದೆ.

ಈಗ ನಿನ್ನ ಮೊಣಕೈ ಅರೆ ಮಡಿಸು. ಒಳಬದಿಯ ಮೂಳೆಗಂಟಿನ ಹಿಂದಿನ ತೋಡಿನಲ್ಲಿ ಬೆರಳಾಡಿಸು, ಬಾಗಿಲಿಗೆ ತಾಗಿದಾಗ ಕಿರುಬೆರಳವರೆಗೆ ಜುಮ್ಮೆನ್ನಿಸುವುದು ಈ ಅಲ್ನಾರ್ ನರವೇ. ಇಲ್ಲಿಂದ ಮೇಲಕ್ಕೆ ಹತ್ತು. ಕಂಕುಳಲ್ಲಿ ಅದಕ್ಕೆ ಮೀಡಿಯನ್, ರೇಡಿಯಲ್ ಅನ್ನುವ ಕೈಯ ನರಗಳು ಜೊತೆಯಾಗುತ್ತವೆ, ಇನ್ನೂ ಮೇಲೆ ಹೋದರೆ ಕತ್ತಿನ 5ರಿಂದ 8ನೆಯ ನರ, ಎದೆಯ 1ನೆಯದು. ನಿನ್ನನ್ನು ಅಳಿಸಿದ ಪ್ಲೆಕ್ಸಸ್ ಅಷ್ಟೇ. ನೀನು ಬುಡದಿಂದ ಬಾಯಿಪಾಠ ಮಾಡುತ್ತಿದ್ದೀಯ, ಬೆರಳಿನಿಂದ ಶುರು ಮಾಡು. ಕಾಲಿಗೂ ಹಾಗೆಯೇ. ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ, ಸಣ್ಣ ಮೂಳೆಯ ಕತ್ತಿಗೆ ಸುತ್ತಿಕೊಂಡ ನರ ಸಿಗುತ್ತದೆ. ಆ ನರ ಸತ್ತರೆ ಪಾದ ಜೋಲುತ್ತದೆ, ಚಪ್ಪಲಿ ಕಳಚಿಬಿದ್ದರೂ ತಿಳಿಯದೆ ನಡೆದುಹೋದವರನ್ನು ನೋಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊಣಕೈಯನ್ನೇ ದಿಟ್ಟಿಸಿ ಒತ್ತಿ, ಒಬ್ಬ ಮುದುಕನನ್ನು ಚೀರಿಸಿಬಿಟ್ಟಿದ್ದೆ. ನಮ್ಮ ಹಿರಿಯರೊಬ್ಬರು ಬೈದರು, “ಕೈ ನರದ ಮೇಲಿರಲಿ, ಕಣ್ಣು ಅವನ ಮುಖದ ಮೇಲಿರಲಿ” ಅಂತ. ನೀನು ವಾರ್ಡಿಗೆ ಹೋಗುವ ಹೊತ್ತಿಗೆ ಬೇಕಾಗುತ್ತದೆ, ಬರೆದಿಟ್ಟುಕೋ. ಕಡಿದ ನರ ಮತ್ತೆ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿ ಮುಟ್ಟಲು ಹೆಚ್ಚುಕಡಿಮೆ ವರ್ಷ ಬೇಕು. ನೀನು ಒಂದು ವಾರಕ್ಕೆ ಪುಸ್ತಕ ಮುಚ್ಚಲು ಹೊರಟಿದ್ದೀಯ.

ಯುಗಾದಿಗೆ ಬಂದಾಗ ನನ್ನ ಕೈ ಕೊಡುತ್ತೇನೆ, ಹುಡುಕುವೆಯಂತೆ. ಅಲ್ಲಿಯವರೆಗೆ ನಿಮ್ಮಮ್ಮನಿಗೆ ದಿನಾ ಫೋನು ಮಾಡು, ಊಟ ಬಿಟ್ಟು ಕೂತಿದ್ದಾಳೆ.

ಇತಿ ನಿನ್ನ ಮಾವ