ಫಿಲ್ಲರ್ ಚುಚ್ಚುವ ಕೋಣೆಯಲ್ಲಿ ಕರಗಿಸುವ ಮದ್ದೂ ಇರಲಿ

ಮಾನ್ಯ ಸಂಪಾದಕರೇ,

ಮದುವೆಯ ಸೀಸನ್ ಹತ್ತಿರವಾದಂತೆ ಡೊಂಬಿವಲಿ, ಮುಲುಂಡ್, ಭಾಯಂದರ್ ಕಡೆಯ ಕೆಲವು ಪಾರ್ಲರ್‌ಗಳ ಬೋರ್ಡಿನಲ್ಲಿ ಥ್ರೆಡಿಂಗ್, ಫೇಶಿಯಲ್‌ಗಳ ಕೆಳಗೆ ‘ಫಿಲ್ಲರ್’, ಅಂದರೆ ಸುಕ್ಕು, ತಗ್ಗು ತುಂಬಲು ಚರ್ಮದೊಳಗೆ ಚುಚ್ಚುವ ಜೆಲ್, ಎಂದೂ ಬರೆದಿರುತ್ತದೆ. ಫೇಶಿಯಲ್ ಒಗ್ಗದಿದ್ದರೆ ನಾಲ್ಕು ದಿನ ಮುಖ ಕೆಂಪಗಾದೀತು. ಫಿಲ್ಲರ್ ತಪ್ಪಿದರೆ ಮೂಗಿನ ತುದಿ ಕೊಳೆಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದೇ ತಪ್ಪು.

ಸುಕ್ಕಿಗೆ ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಮ್ಲದ ಜೆಲ್. ಸಾಮಾನ್ಯವಾಗಿ 1 ಮಿ.ಲೀ. ಸಿರಿಂಜಿನಲ್ಲಿ ಬರುತ್ತದೆ. ಮೂಗಿನ ಬದಿಯಿಂದ ಬಾಯಿಯವರೆಗಿನ ಗೆರೆ, ಇಳಿದ ಕೆನ್ನೆ ಇವನ್ನು ತುಂಬಲು ಅದು ಸರಿ. ಹುಬ್ಬು ಗಂಟಿಕ್ಕಿದಾಗ ಮೂಡುವ ಗೆರೆ ಸ್ನಾಯುವಿನ ಎಳೆತದಿಂದ ಬಂದದ್ದು. ಅದಕ್ಕೆ ಮೊದಲ ಉಪಾಯ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು. ಈ ವ್ಯತ್ಯಾಸ ಹೇಳಲಾರದವರ ಕೈಗೆ ಮುಖ ಒಡ್ಡಬೇಡಿ. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆಯೇ ಅಪಾಯ ಹೆಚ್ಚು. ಅಲ್ಲಿನ ರಕ್ತನಾಳಗಳು ಕಣ್ಣಿನ ನಾಳಕ್ಕೆ ಕೂಡಿಕೊಂಡಿವೆ. ಸೂಜಿಯ ತುದಿ ನಾಳದೊಳಗಿದ್ದು ಜೋರಾಗಿ ಒತ್ತಿದರೆ ಜೆಲ್ ಹಿಮ್ಮುಖವಾಗಿ ಸರಿದು ಕಣ್ಣಿನತ್ತ ಹೋಗುತ್ತದೆ. ಅದಕ್ಕೆ ಎರಡು ಹನಿ, ಅಂದರೆ 0.1 ಮಿ.ಲೀ.ಯಷ್ಟು ಜೆಲ್ ಸಾಕು. ರಕ್ತ ನಿಂತ ಅಕ್ಷಿಪಟಲಕ್ಕೆ (ರೆಟಿನಾ) ಉಳಿಯುವ ಕಾಲ ಒಂದು, ಒಂದೂವರೆ ಗಂಟೆ ಮಾತ್ರ.

ಚರ್ಮದ ನಾಳ ಕಟ್ಟಿಕೊಂಡರೆ ಆ ಜಾಗ ಮೊದಲು ಬಿಳಿಚುತ್ತದೆ, ಆಮೇಲೆ ಬಲೆಯಂತೆ ನೇರಳೆ ಗೆರೆಗಳು ಏಳುತ್ತವೆ. ನಮ್ಮ ಮೈಬಣ್ಣದಲ್ಲಿ ಬಿಳಿಚಿದ್ದು ಬೇಗ ಕಾಣದು. ಜೆಲ್‌ನಲ್ಲೇ ಮರಗಟ್ಟಿಸುವ ಲಿಗ್ನೊಕೇನ್ ಬೆರೆತಿದ್ದರೆ ನೋವೂ ತಡವಾಗಿ ತಿಳಿಯುತ್ತದೆ. ಹಾಗಾಗಿ ಬೆರಳಿನಿಂದ ಒತ್ತಿ ಬಿಟ್ಟು ನೋಡಬೇಕು: ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೂರು ದಾಟಿದರೆ ಅನುಮಾನ ಪಡಿ. ಲಕ್ಷಣ ಒಂದೆರಡು ದಿನ ತಡವಾಗಿಯೂ ಕಾಣಿಸಬಹುದು. ಇಂದು ಫಿಲ್ಲರ್ ಹಾಕಿಸಿಕೊಂಡು ನಾಳೆ ಊರಿನ ಮದುವೆಗೆಂದು ಮತ್ಸ್ಯಗಂಧ ರೈಲು ಹತ್ತುವುದು ಬೇಡ. ಬಾವು ಇಳಿಯಲು ಎರಡು ವಾರ ಬೇಕು, ಮದುವೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಮುಗಿಸಿ.

ನಾಳ ಕಟ್ಟಿದಾಗ ಬೇಕಾಗುವ, ಈ ಜೆಲ್ಲನ್ನು ಕರಗಿಸುವ ಮದ್ದು ಹಯಲುರಾನಿಡೇಸ್. ಇಲ್ಲಿ 1500 ಯೂನಿಟ್‌ಗಳ ಪುಡಿಯ ವಯಲ್ (ಪುಟ್ಟ ಸೀಸೆ) ಸಿಗುತ್ತದೆ. ಸಲೈನ್‌ನಲ್ಲಿ ಕರಗಿಸಿ ಬಾಧಿತ ಜಾಗದ ತುಂಬ ಚುಚ್ಚಿ, ಬಣ್ಣ ಮರಳುವ ತನಕ ಗಂಟೆಗೊಮ್ಮೆ ಮತ್ತೆ ಕೊಡಬೇಕಾಗುತ್ತದೆ. ಒಂದು ವಯಲ್ ಸಾಲದೇ ಹೋಗಬಹುದು. ಜೇನುನೊಣ ಕಚ್ಚಿದರೆ ವಿಪರೀತ ಅಲರ್ಜಿಯಾಗುವವರಿಗೆ ಈ ಮದ್ದೂ ಒಗ್ಗದಿರಬಹುದು, ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ‘ಹಯಲುರಾನಿಡೇಸ್ ಎಷ್ಟು ವಯಲ್ ಇದೆ, ತೋರಿಸಿ’ ಎಂದು ಸಂಕೋಚವಿಲ್ಲದೆ ಕೇಳಿ. ಬೇಕಾದಾಗ ತರಿಸುತ್ತೇವೆ ಎಂದರೆ ಎದ್ದು ಬನ್ನಿ. ಸಂಜೆಯ ಟ್ರಾಫಿಕ್‌ನಲ್ಲಿ ಅದು ಬರುವಷ್ಟರಲ್ಲಿ ಕಾಲ ಮೀರಿರುತ್ತದೆ. ‘ಪರ್ಮನೆಂಟ್’ ಎಂದು ಮಾರುವ ಸಿಲಿಕೋನ್‌ಗಂತೂ ಈ ಮದ್ದು ನಾಟುವುದೇ ಇಲ್ಲ. ವರ್ಷಗಳ ಬಳಿಕ ಗಂಟುಗಳೆದ್ದರೆ ಕೊಯ್ದು ತೆಗೆಯಬೇಕಾದೀತು, ಪೂರ್ತಿ ತೆಗೆಯುವುದೂ ಕಷ್ಟ.

ಪೆಟ್ಟಿಗೆಯ ಸೀಲನ್ನು ನಿಮ್ಮೆದುರೇ ಒಡೆಯಲಿ. ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕವಿರುವ ಸ್ಟಿಕರ್ ಕೇಳಿ ಪಡೆಯಿರಿ, ಮುಂದೆ ತೊಂದರೆಯಾದರೆ ಒಳಗೆ ಹೋದದ್ದೇನೆಂದು ಹೇಳುವುದು ಅದೊಂದೇ. ಸಾಮಾನ್ಯವಾಗಿ ಈ ಜೆಲ್ಲನ್ನು 25 ಡಿಗ್ರಿಯೊಳಗೆ ಇಡಬೇಕು. ಮೇ ತಿಂಗಳಲ್ಲಿ ಲೋಕಲ್ ರೈಲಿನ ಬ್ಯಾಗಿನಲ್ಲಿ ತಿರುಗಿದ ಸಿರಿಂಜ್ ಬೇಡ. ಒಂದು ಸಿರಿಂಜನ್ನು ಇಬ್ಬರಿಗೆ ಹಂಚುವುದಂತೂ ಕೂಡದು. ಸೂಜಿ ಬದಲಿಸಿದರೂ ಹಿಂದೆ ಸರಿದ ರಕ್ತ ಸಿರಿಂಜಿನೊಳಗೇ ಉಳಿದಿರಬಹುದು. ಹಲ್ಲು ಕ್ಲೀನಿಂಗ್‌ಗೂ ಇದಕ್ಕೂ ಎರಡು ವಾರದ ಅಂತರವಿರಲಿ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ‘ಹಯಲುರಾನ್ ಪೆನ್’ ಸುರಕ್ಷಿತವೆಂದು ನಂಬಬೇಡಿ; ಅಂಥ ಸಾಧನಗಳನ್ನು ಫಿಲ್ಲರ್‌ಗೆ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ.

ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ: ಫಿಲ್ಲರ್ ಜಾಹೀರಾತು ಕೊಡಲು ಬಂದವರಿಂದ ಚುಚ್ಚುವ ವೈದ್ಯರ ಹೆಸರು, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಿ, ಎರಡನ್ನೂ ಜಾಹೀರಾತಿನಲ್ಲೇ ಅಚ್ಚು ಹಾಕಿ. ಕೊಡಲೊಪ್ಪದವರ ಜಾಹೀರಾತನ್ನು ದಯವಿಟ್ಟು ಹಿಂದಿರುಗಿಸಿ.

– ಇಬ್ಬರು ಚರ್ಮರೋಗ ವೈದ್ಯರು, ಮಾಟುಂಗಾ, ಮುಂಬಯಿ